ನನ್ನ ಪ್ರಾರ್ಥನೆಯಿಂದ ಚರ್ಚು ಬಿಟ್ಟವನು

ನನ್ನ ಯಜಮಾನರು ನಿವೃತ್ತರಾದ ದಿನ ಸಭೆಯವರು ಅವರಿಗೆ ಶಾಲು ಹೊದಿಸಿದರು. ನನ್ನನ್ನೂ ಮುಂದೆ ಕರೆದು ಒಂದು ಸೀರೆ ಕೊಟ್ಟರು. ಅವರಿಗೆ ನೇಮಕದ ಕಾಗದ ಇತ್ತು, ವರ್ಗಾವಣೆಯ ಕಾಗದ ಬರುತ್ತಿತ್ತು. ನನಗೆ ಎರಡೂ ಇರಲಿಲ್ಲ. ಪಾದ್ರಿಯ ಹೆಂಡತಿ ಎನ್ನುವುದು ಅರ್ಜಿ ಹಾಕದೆ ಬರುವ ಕೆಲಸ. ಅಡುಗೆ, ಬಟ್ಟೆ, ಮಕ್ಕಳು ಎಲ್ಲ ಮನೆಗಳಲ್ಲಿ ಇದ್ದಂತೆಯೇ ಇರುತ್ತವೆ. ಅದರ ಮೇಲೆ ಮನೆ ಭೇಟಿ, ಗುರುವಾರದ ಹೆಂಗಸರ ಪ್ರಾರ್ಥನೆ, ತಿಂಗಳಿಗೊಮ್ಮೆ ಸಭೆ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ರೊಟ್ಟಿ ಮಾಡುವುದು, ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲಿಗೆ ಬಂದವರ ಮಾತು ಕೇಳುವುದು. ಹುಕ್ಕೇರಿ, ಮೂಡಲಗಿ, ಗೋಕಾಕ ಹೀಗೆ ಮೂರು ಊರುಗಳಲ್ಲಿ ಈ ಕೆಲಸ ಮಾಡಿದೆ. ಒಂದು ದಿನವೂ ಬೇಸರದಿಂದ ಮಾಡಲಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ತಪ್ಪು ಮಾಡಲಿಲ್ಲ ಎಂದು ಮಾತ್ರ ಹೇಳಲಾರೆ.

ಹೋದ ತಿಂಗಳು ಒಬ್ಬ ಹುಡುಗಿ ನನ್ನನ್ನು ನೋಡಲು ಬಂದಿದ್ದಳು. ಹೊಸದಾಗಿ ಒಬ್ಬ ಪಾದ್ರಿಯನ್ನು ಮದುವೆಯಾಗಿದ್ದಾಳೆ.

"ಅಮ್ಮಾರ, ನನಗ ಏನೂ ಬರೂದಿಲ್ರಿ. ಮಂದಿ ಮುಂದ ಗಟ್ಟಿಯಾಗಿ ಪ್ರಾರ್ಥನಾ ಮಾಡಾಕ ಸುದ್ದಾ ಬರೂದಿಲ್ಲ" ಎಂದಳು.

"ಅದು ಕರ್ತ ನಿನಗ ಮಾಡಿದ ದೊಡ್ಡ ಉಪಕಾರ, ತಂಗಿ" ಎಂದೆ.

ನಾನು ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡು ನಕ್ಕಳು. ಚೇಷ್ಟೆ ಅಲ್ಲ. ನನ್ನ ಒಂದು ಪ್ರಾರ್ಥನೆಯಿಂದ ಒಬ್ಬ ಮನುಷ್ಯ ಚರ್ಚು ಬಿಟ್ಟುಹೋದ. ಅವನನ್ನು ನಾನೇ ಹೊರಗೆ ನೂಕಿದೆ. ಅವನು ಮರಳಿ ಬರುತ್ತಾನೋ ಇಲ್ಲವೋ ಎಂದು ಐದು ತಿಂಗಳು ಬಾಗಿಲ ಕಡೆ ನೋಡಿದೆ. ಆ ಹುಡುಗಿಗಾಗಿ, ಅವಳಂಥವರಿಗಾಗಿ ಅದನ್ನೇ ಬರೆಯುತ್ತಿದ್ದೇನೆ. ಆದರೆ ನಾನು ಅಲ್ಲಿಗೆ ಹೇಗೆ ಮುಟ್ಟಿದೆ ಎಂಬುದನ್ನು ಮೊದಲು ಹೇಳಬೇಕು.

ಹುಕ್ಕೇರಿಯಲ್ಲಿ ನನಗೆ ಮನೆ ಭೇಟಿ ಕಲಿಸಿದವರು ಎಲಿಸವ್ವ ಆಯಿ ಎಂಬ ಹಿರಿಯ ವಿಧವೆ. ಮಧ್ಯಾಹ್ನ ಊಟದ ಪಾತ್ರೆ ತೊಳೆಯುವ ಹೊತ್ತಿಗೆ ಬಾಗಿಲಿಗೆ ಬಂದು "ನಡೀರಿ" ಎನ್ನುವರು. ಅದೇ ನನ್ನ ತರಬೇತಿ. ಒಂದೇ ಕುರ್ಚಿ ಇರುವ ಮನೆಯಲ್ಲಿ ಕುರ್ಚಿಯ ಮೇಲೆ ಕೂರಬಾರದು. ಕಷ್ಟ ಹೇಳುವವರ ಮುಂದೆ ನಮ್ಮ ಕಷ್ಟ ತೆಗೆಯಬಾರದು. ಒಂದು ದಿನ ನಾಲ್ಕನೆಯ ಮನೆಯಲ್ಲಿ ನಾನು ಚಹಾ ಬೇಡ ಎಂದೆ. ಮೂರು ಮನೆಗಳ ಚಹಾ ಆಗಲೇ ಹೊಟ್ಟೆಯಲ್ಲಿತ್ತು. ಮನೆಯಾಕೆ ಕಪ್ಪನ್ನು ಒಳಗೆ ಒಯ್ದಳು. ಬೀದಿಯ ತಿರುವಿಗೆ ಬಂದಾಗ ಆಯಿ ನಿಂತುಬಿಟ್ಟರು.

"ಆಕಿ ಊರ ಬೀದಿ ಕಸಾ ಹೊಡ್ಯಾಕಿ. ನೀವು ಮಾಸ್ತರ ಮಗಳು. ಚಹಾ ಬ್ಯಾಡ ಅಂದ್ರ ಆಕಿ ಏನ್ ತಿಳಕೊಳ್ಳಬೇಕು?"

"ಹೊಟ್ಟಿ ತುಂಬಿತ್ರಿ ಆಯಿ."

"ನಿಮ್ಮ ಹೊಟ್ಟಿ ಆಕಿಗೆ ಕಾಣತೈತೇನು? ಆಕಿಗೆ ಕಂಡಿದ್ದು ನಿಮ್ಮ ಕೈ. ಬ್ಯಾಡ ಅಂತ ಹಿಂಗ ಮಾಡಿದ ಕೈ."

ತಿರುಗಿ ಹೋದೆ. ಬಾಗಿಲಲ್ಲಿ ನಿಂತು "ಅಕ್ಕಾ, ಆ ಚಹಾ ಇನ್ನೂ ಐತೇನು?" ಎಂದು ಕೇಳಿದೆ. ಇತ್ತು, ಆರಿತ್ತು, ಬಿಸಿ ಮಾಡಿ ಕೊಟ್ಟಳು. ಪಶ್ಚಾತ್ತಾಪ ಎಂದರೆ ತಿರುಗಿ ನಡೆಯುವುದು ಎಂದು ಯಜಮಾನರು ಎಷ್ಟೋ ಸಲ ಪ್ರಸಂಗ ಮಾಡಿದ್ದಾರೆ. ನಾನು ಅದನ್ನು ಕಾಲಿನಿಂದ ಕಲಿತದ್ದು ಹುಕ್ಕೇರಿಯ ಆ ಬೀದಿಯಲ್ಲಿ. ಬಡವರ ಮನೆಯಲ್ಲಿ ತಪ್ಪು ಮಾಡಿದೆ, ತಿದ್ದಿಕೊಳ್ಳಲು ಇಪ್ಪತ್ತು ಹೆಜ್ಜೆ ಸಾಕಾಯಿತು. ಅದೊಂದು ಕೃಪೆ. ಎಲ್ಲ ತಪ್ಪುಗಳೂ ಅಷ್ಟು ಹತ್ತಿರ ಇರುವುದಿಲ್ಲ.

ಮೂಡಲಗಿಗೆ ವರ್ಗವಾದ ಮೇಲೆ ನನ್ನ ಕಂಠ ತೆರೆಯಿತು. ಕಲ್ಲೋಳಿಯಲ್ಲಿ ಒಂದು ವಾರ, ತುಕ್ಕಾನಟ್ಟಿಯಲ್ಲಿ ಒಂದು ವಾರ ಮನೆ ಪ್ರಾರ್ಥನೆ ಇರುತ್ತಿತ್ತು. ಬಸ್ಸಿನಲ್ಲಿ ಕಿಟಕಿ ಬದಿಗೆ ಕೂತು, ಅಂದು ಏನು ಪ್ರಾರ್ಥಿಸಬೇಕು ಎಂದು ಮಾತು ಜೋಡಿಸಿಕೊಳ್ಳುವ ಚಟ ಹತ್ತಿತು. ಸುಮ್ಮನೆ "ರೋಗಿಗಳನ್ನು ಗುಣಪಡಿಸು" ಎಂದರೆ ಹೆಂಗಸರು ಆಕಳಿಸುತ್ತಾರೆ. "ಎರಡು ತಿಂಗಳಿಂದ ಹಾಸಿಗೆ ಹಿಡಿದ ಮರಿಯವ್ವನ ಮೊಣಕಾಲು ಮುಟ್ಟು" ಎಂದರೆ ಅಳುತ್ತಾರೆ. ಹೆಸರು ಹಿಡಿದು, ಊರು ಹಿಡಿದು ಪ್ರಾರ್ಥಿಸುವುದನ್ನು ನಾನು ಹೀಗೆ ಕಲಿತೆ. ಅಮ್ಮಾರ ಪ್ರಾರ್ಥನೆ ಎಂದರೆ ಸೆರಗು ಒದ್ದೆಯಾಗುತ್ತದೆ ಎಂಬ ಮಾತು ಹಬ್ಬಿತು. ಒಮ್ಮೆ ಯಜಮಾನರ ಮೇಲಿನ ಹಿರಿಯ ಪಾದ್ರಿಗಳು ಬಂದವರು ನನ್ನ ಪ್ರಾರ್ಥನೆ ಕೇಳಿ, "ಏನ್ರಿ, ನಿಮ್ಮ ಮನಿಯವರು ನಿಮಗಿಂತ ಛಲೋ ಮಾತಾಡತಾರಲ್ಲ" ಎಂದರು. "ಮನ್ಯಾಗೂ ಹಂಗ ಐತ್ರಿ" ಎಂದು ಯಜಮಾನರು ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ ಒಂದು ಅಂಗುಲ ಎತ್ತರವಾದೆ. ಹೀಗೆ ಅಂಗುಲ ಅಂಗುಲ ಬೆಳೆದು ಗೋಕಾಕಕ್ಕೆ ಬಂದೆ.

ಗೋಕಾಕದ ಸಭೆಗೆ ಧುಪದಾಳದಿಂದ ಬರುತ್ತಿದ್ದ ಒಂದು ಕುಟುಂಬ ಇತ್ತು. ಗಂಡ ದಾನಪ್ಪ, ಗೌಂಡಿ, ಅಂದರೆ ಗಾರೆ ಕೆಲಸದವನು. ಹೆಂಡತಿ ರೂತವ್ವ. ದಾನಪ್ಪ ಬಹಳ ವರ್ಷ ಕುಡಿದವನು. ನಾವು ಬಂದ ವರ್ಷವೇ ಒಂದು ರವಿವಾರ ಸಭೆಯಲ್ಲಿ ತಾನಾಗಿ ಎದ್ದು ನಿಂತು, ಇನ್ನು ಮುಟ್ಟುವುದಿಲ್ಲ ಎಂದು ಹೇಳಿದ. ಮೂರು ವರ್ಷ ಮುಟ್ಟಲಿಲ್ಲ. ರವಿವಾರ ಎಲ್ಲರಿಗಿಂತ ಮೊದಲು ಬಂದು ಜಮಖಾನೆ ಹಾಸುವವನು ಅವನೇ.

ನಮ್ಮ ಕಡೆ ಮನೆಗೆ ಸ್ಲ್ಯಾಬ್ ಹಾಕಿದ ದಿನ ಮಾಲೀಕರು ಗೌಂಡಿಗಳಿಗೆ ಊಟ ಹಾಕಿಸುತ್ತಾರೆ. ಕೆಲವರು ಊಟದ ಜೊತೆ ಬಾಟಲಿಯನ್ನೂ ಇಡುತ್ತಾರೆ. ಮೂರು ವರ್ಷದಲ್ಲಿ ಎಷ್ಟೋ ಸ್ಲ್ಯಾಬ್ ಹಾಕಿ ಬರೀ ಉಂಡು ಬಂದಿದ್ದ ದಾನಪ್ಪ, ಒಂದು ಬುಧವಾರ ಕುಡಿದ. ಮನೆಗೆ ಬಂದು ಹೆಂಡತಿಗೆ ತಾನೇ ಹೇಳಿದ. ಬರುವ ರವಿವಾರ ಕರ್ತನ ಭೋಜನ ಇತ್ತು. ಅದಕ್ಕೆ ಮೊದಲು ಸಭೆಯ ಮುಂದೆ ಎದ್ದು ನಿಂತು ಒಪ್ಪಿಕೊಳ್ಳುತ್ತೇನೆ, ಅಲ್ಲಿಯ ತನಕ ಯಾರಿಗೂ ಹೇಳಬೇಡ ಎಂದ.

ಮರುದಿನ ಗುರುವಾರ. ಹೆಂಗಸರ ಪ್ರಾರ್ಥನೆಗೆ ಮುಂಚೆ ರೂತವ್ವ ನನ್ನ ಅಡುಗೆಮನೆಗೆ ಬಂದಳು.

"ಅಮ್ಮಾರ, ನಿಮ್ಮೊಬ್ಬರಿಗೇ ಹೇಳಾಕತ್ತೇನ್ರಿ. ರವಿವಾರ ಎದ್ದ ನಿಂದ್ರೂದು ಅಂವಗ ಭಾಳ ಕಠಿಣ ಆಗೇತಿ. ನಿನ್ನಿಯಿಂದ ಒಂದ ತುತ್ತ ಉಂಡಿಲ್ಲ. ಧೈರ್ಯ ಕೊಡಲಿ ಅಂತ ನೀವೊಬ್ರ ಪ್ರಾರ್ಥನಾ ಮಾಡ್ರಿ. ಮಂದ್ಯಾಗ ಬ್ಯಾಡ್ರಿ."

"ನನ್ನ ಹೊಟ್ಟ್ಯಾಗ ಇರತೈತಿ, ನೀ ಅಂಜಬ್ಯಾಡ" ಎಂದೆ. ಮನಸ್ಸಿನಿಂದಲೇ ಹೇಳಿದೆ. ಅವಳು ಊರಿಗೆ ಬಸ್ಸು ಹಿಡಿಯಲು ಹೋದಳು.

ಒಂದು ತಾಸು ಕಳೆದಿರಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಹೆಂಗಸರು ಸೇರಿದ್ದರು. ನಾನು ಕಣ್ಣು ಮುಚ್ಚಿ ಶುರು ಮಾಡಿದೆ. ಮಾತು ಮಾತನ್ನು ಎಳೆದುಕೊಂಡು ಬಂತು. ಯಾರೋ ಮುಸುಮುಸು ಅತ್ತದ್ದು ಕೇಳಿಸಿತು. ಆ ಅಳು ಕೇಳಿ ನನಗೆ ಇನ್ನಷ್ಟು ಏರಿತು. "ಕರ್ತನೇ, ನಿನ್ನೆ ಸ್ಲ್ಯಾಬಿನ ಊಟದಲ್ಲಿ ಬಿದ್ದುಹೋದ ಧುಪದಾಳದ ದಾನಪ್ಪನನ್ನು ಎತ್ತು" ಎಂದುಬಿಟ್ಟೆ. ಎಲ್ಲರೂ "ಆಮೆನ್" ಎಂದರು. ಆ ದಿನದ ಆಮೆನ್ ಬಹಳ ಗಟ್ಟಿಯಾಗಿ ಬಂತು ಎಂದು ಸಂತೋಷಪಟ್ಟದ್ದು ನನಗೆ ಈಗಲೂ ನೆನಪಿದೆ. ನಾಚಿಕೆಯ ಸಂಗತಿ, ಆದರೂ ಬರೆಯುತ್ತೇನೆ.

ಮರುದಿನ ಮುಂಜಾನೆ ಧುಪದಾಳದ ಚಹಾದಂಗಡಿಯಲ್ಲಿ ಜೊತೆಯ ಗೌಂಡಿಯೊಬ್ಬ ದಾನಪ್ಪನಿಗೆ, "ಏನಲೇ, ನೀ ಕುಡದ್ರ ಗೋಕಾಕದಾಗ ಹೆಣ್ಮಕ್ಕಳು ಅಳತಾರಂತ. ಭಾಳ ದೊಡ್ಡ ಮನಷ್ಯಾ ಆದಿ ಬಿಡು" ಎಂದನಂತೆ. ರವಿವಾರ ಜಮಖಾನೆಯನ್ನು ಬೇರೆಯವರು ಹಾಸಿದರು. ಗಂಡ ಹೆಂಡತಿ ಇಬ್ಬರೂ ಬರಲಿಲ್ಲ.

ಯಜಮಾನರಿಗೆ ವಿಷಯ ಬೇರೆ ಕಡೆಯಿಂದ ತಿಳಿದಿತ್ತು. ಊಟಕ್ಕೆ ಕೂತಾಗ ಕೇಳಿದರು.

"ನೀ ಅದನ್ನ ದೇವರಿಗೆ ಹೇಳಿದ್ಯೋ, ಮಂದಿಗೆ ಹೇಳಿದ್ಯೋ?"

"ಪ್ರಾರ್ಥನಾ ದೇವರಿಗೇ ಅಲ್ಲೇನ್ರಿ ಮಾಡೂದು?"

"ದೇವರಿಗೆ ದಾನಪ್ಪನ ಗುರುತು ಇಲ್ಲೇನು? ಧುಪದಾಳದಾಂವ ಅಂತ ಪತ್ತಾ ಯಾಕ ಕೊಟ್ಟಿ?"

ನನಗೆ ಸಿಟ್ಟು ಬಂತು. ಉತ್ತರ ಇಲ್ಲದಾಗ ನನಗೆ ಬರುವುದು ಅದೇ.

ಆ ವಾರ ಧುಪದಾಳಕ್ಕೆ ಹೋದೆ. ಕೈಯಲ್ಲಿ ಕರದಂಟಿನ ಡಬ್ಬಿ ಹಿಡಿದುಕೊಂಡಿದ್ದೆ. ರೂತವ್ವ ಚಾಪೆ ಹಾಸಿ ನೀರು ಕೊಟ್ಟಳು, ಮುಖ ನೋಡಲಿಲ್ಲ. ದಾನಪ್ಪ ಹೊಸ್ತಿಲ ಹೊರಗೆ ಕೂತು, ಒಣ ಸಿಮೆಂಟು ಹತ್ತಿದ ಕರಣಿಯನ್ನು ಕಲ್ಲಿನಿಂದ ಕೆರೆಯುತ್ತಿದ್ದ. "ನನ್ನ ಮಾತಿನಿಂದ ನಿಮಗ ಏನರ ನೋವಾಗಿದ್ರ ಮನಸ್ಸಿನ್ಯಾಗ ಇಟ್ಕೋಬ್ಯಾಡ್ರಿ. ಈ ರವಿವಾರ ತಪ್ಪದ ಬರ್ರಿ" ಎಂದೆ.

ಅವನು ಕೆರೆಯುವುದನ್ನು ನಿಲ್ಲಿಸಲಿಲ್ಲ.

"ಅಮ್ಮಾರ, ಬಂದ್ರಿ, ಛಲೋ ಆತು. ಆದ್ರ ನೀವು ಕ್ಷಮಾ ಕೇಳಾಕ ಬಂದಿಲ್ಲ. ನಮ್ಮನ್ನ ಕರ್ಕೊಂಡ ಹೋಗಾಕ ಬಂದೀರಿ."

ನಾನು ಡಬ್ಬಿಯನ್ನು ಚಾಪೆಯ ಮೇಲೆ ಇಟ್ಟೆ.

"ರವಿವಾರ ಏನ್ ಹೇಳಬೇಕು ಅಂತ ಒಂದೊಂದ ಮಾತು ಕೂಡಸಾಕತ್ತಿದ್ನಿರಿ. ನಾ ಸಾಲಿ ಕಲ್ತಾಂವ ಅಲ್ಲ. ನಾ ಹೇಳಿದ್ರ ಅದು ನನ್ನ ಪಶ್ಚಾತ್ತಾಪ ಆಗತಿತ್ತು. ನೀವು ಹೇಳಿದ್ರಿ, ಸುದ್ದಿ ಆತು."

ರೂತವ್ವ ಒಳಗಿನಿಂದ "ಇರಲಿ ಬಿಡ್ರಿ, ದೊಡ್ಡವರಿಗೆ ಹಂಗನಬ್ಯಾಡ್ರಿ" ಎಂದಳು. ಆ ಮಾತು ಅವನ ಮಾತಿಗಿಂತ ಹೆಚ್ಚು ಚುಚ್ಚಿತು. ಅವಳು ನಂಬಿ ಹೇಳಿದ್ದಕ್ಕೆ ಆ ಮನೆಯಲ್ಲಿ ಏನೇನು ಮಾತು ಕೇಳಬೇಕಾಯಿತೋ, ನನಗೆ ಗೊತ್ತಿಲ್ಲ.

ಬಸ್ಸಿನಲ್ಲಿ ಬರುವಾಗ ಅವನ ಮೇಲೇ ಕೋಪ. ಕುಡಿದವನು ಅವನು, ಬೈಸಿಕೊಂಡವಳು ನಾನು. ಗೋಕಾಕ ಬಸ್ ಸ್ಟ್ಯಾಂಡ್ ಬರುವ ತನಕ ಈ ಲೆಕ್ಕ ಸರಿಯಾಗಿಯೇ ಕಂಡಿತು. ಇಳಿದು ನಡೆಯುವಾಗ ಸರಿ ಕಾಣಲಿಲ್ಲ. ಅವನು ಕುಡಿದದ್ದನ್ನು ಅಂದೇ ಹೆಂಡತಿಗೆ ಒಪ್ಪಿಕೊಂಡಿದ್ದ. ನಾನು ಮಾಡಿದ್ದಕ್ಕೆ "ನೋವಾಗಿದ್ರ" ಎಂದಿದ್ದೆ. ಆಗಿದ್ದರೆ ಅಂತೆ. ಅದು ಆಗಿತ್ತು, ನಾನು ಕಣ್ಣಾರೆ ಕಂಡು ಬಂದಿದ್ದೆ.

ಮುಂದಿನ ತಿಂಗಳ ಕರ್ತನ ಭೋಜನಕ್ಕೆ ರೊಟ್ಟಿ ಮಾಡಿದವಳು ನಾನೇ. ನಮ್ಮಲ್ಲಿ ಹೆಂಗಸರ ಸಾಲಿನಲ್ಲಿ ಪಾದ್ರಿಯ ಹೆಂಡತಿ ಮೊದಲು ಎದ್ದು ಹೋಗಿ ಮೊಣಕಾಲೂರುವ ರೂಢಿ. ಅವಳು ಎದ್ದರೆ ಉಳಿದವರು ಏಳುತ್ತಾರೆ. ಒಬ್ಬರ ಮನಸ್ಸು ಮುರಿದು ಭೋಜನದ ಮೇಜಿಗೆ ಹೋಗಬಾರದು ಎಂದು ಮಕ್ಕಳಿಗೂ ಕಲಿಸುತ್ತೇವೆ. ನಾನು ಏಳಲಿಲ್ಲ. ಇಡೀ ಸಾಲು ಕಾದು ಕೂತಿತು. ಹೆಂಗಸರ ಸಂಘದ ಹಿರಿಯರಾದ ಸಾಲೋಮಿ ಅಕ್ಕ ಮೊಣಕೈಯಿಂದ ತಿವಿದರು. "ಮೈಯಾಗ ಆರಾಮಿಲ್ಲ, ನೀವು ಹೋಗ್ರಿ" ಎಂದೆ. ದೇವರ ಮನೆಯಲ್ಲಿ ಕೂತು ಸುಳ್ಳು. ಮಧ್ಯಾಹ್ನ ನಾಲ್ಕು ಜನ ಹೆಂಗಸರು ನಿಂಬೆಹಣ್ಣು, ಮಾತ್ರೆ ಹಿಡಿದು ನನ್ನನ್ನು ನೋಡಲು ಬಂದರು. ಒಂದು ತಪ್ಪನ್ನು ಮುಚ್ಚಲು ಹೋದವಳು ಅವರ ಕೈಯಿಂದ ಬೇಡವಾದ ಮಾತ್ರೆ ನುಂಗಿದೆ. ಇಂಥ ಶಿಕ್ಷೆಯೂ ಕೃಪೆಯೇ ಎಂದು ಈಗ ನಗುತ್ತೇನೆ.

ಬಂದ ಗುರುವಾರ ಹೆಂಗಸರೆಲ್ಲ ಕೂತ ಮೇಲೆ ನಾನು ಕಣ್ಣು ಮುಚ್ಚಲಿಲ್ಲ. ತೆರೆದ ಕಣ್ಣಿನಿಂದ ಹೇಳಿದೆ: "ನನ್ನ ಹತ್ರ ಇಟ್ಕೋ ಅಂತ ಕೊಟ್ಟ ಮಾತನ್ನ ನಾ ಪ್ರಾರ್ಥನಾದಾಗ ಹೊರಗ ಹಾಕಿದೆ. ನೀವು ಅಳತೀರಿ ಅಂತ ಹಾಕಿದೆ. ಅದು ಪಾಪ. ರವಿವಾರ ನನಗ ಆರಾಮಿಲ್ಲ ಅಂದದ್ದೂ ಸುಳ್ಳು." ಯಾರ ಮಾತು ಎಂದು ಹೆಸರು ಎತ್ತಲಿಲ್ಲ. ಎತ್ತಿದರೆ ಅದೇ ತಪ್ಪು ಎರಡನೆಯ ಸಲ ಆಗುತ್ತಿತ್ತು.

ಎಲ್ಲರೂ ತಲೆ ತಗ್ಗಿಸಿದರು. ಸಾಲೋಮಿ ಅಕ್ಕ ಮಾತ್ರ, "ಅಮ್ಮಾರ, ನೀವ ಹಿಂಗ ಮಂದಿ ಮುಂದ ಸಣ್ಣಾಗಿ ನಿಂತ್ರ ನಾಳೆ ನಿಮ್ಮ ಮಾತು ಯಾರ್ ಕೇಳತಾರ್ರಿ?" ಎಂದರು.

"ಕೇಳದಿದ್ರ ಇನ್ನೂ ಛಲೋ ಅಕ್ಕಾರ. ನಾ ಭಾಳ ಮಾತಾಡೇನಿ" ಎಂದೆ.

ಆ ಮೇಲೆ ಇನ್ನೊಮ್ಮೆ ಧುಪದಾಳಕ್ಕೆ ಹೋದೆ. ಈ ಸಲ ಡಬ್ಬಿ ಇರಲಿಲ್ಲ. ಚಾಪೆ ಹಾಸುವ ತನಕ ಕಾಯದೆ ಹೊಸ್ತಿಲ ಹೊರಗೆ, ದಾನಪ್ಪ ಕೂತಷ್ಟೇ ತಗ್ಗಿನಲ್ಲಿ ಕೂತೆ. "ದಾನಪ್ಪಾ, ನಿನ್ನ ಮಾತು ನಾ ಕಸಗೊಂಡೆ. ರೂತವ್ವಾ, ನಿನಗ ಕೊಟ್ಟ ಮಾತು ಮುರದೆ. ತಪ್ಪು ನಂದು. ಕ್ಷಮಾ ಮಾಡ್ರಿ" ಎಂದೆ. ಚರ್ಚಿಗೆ ಬನ್ನಿ ಎನ್ನಲಿಲ್ಲ. ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ. ರೂತವ್ವ ಅತ್ತಳು. ದಾನಪ್ಪ ರಸ್ತೆಯ ಕಡೆ ನೋಡಿ, "ಬಸ್ಸಿನ ಹೊತ್ತಾತ್ರಿ" ಎಂದ. ಅಷ್ಟೇ. ಕ್ಷಮಿಸಿದನೋ ಇಲ್ಲವೋ ತಿಳಿಯಲಿಲ್ಲ. ಕ್ಷಮೆ ಕೇಳುವುದು ನಮ್ಮ ಪಾಲಿನ ಕೆಲಸ. ಸಿಗುವುದು ನಮ್ಮ ಕೈಯಲ್ಲಿಲ್ಲ. ಹೊಸದಾಗಿ ಈ ಕೆಲಸಕ್ಕೆ ಬರುವವರು ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ಕ್ಷಮೆ ಕೇಳಿದ ಮರುಗಳಿಗೆಗೆ ಬಡ್ಡಿ ಕೇಳಲು ಶುರು ಮಾಡುತ್ತೇವೆ.

ಅವರು ಬರಲಿಲ್ಲ. ಒಂದು ಭೋಜನ, ಎರಡು ಭೋಜನ, ಮೂರು. ಪ್ರತಿ ಸಲ ರೊಟ್ಟಿ ಮಾಡಿ, ಬಟ್ಟೆ ಹಾಸಿ, ಕೂತಲ್ಲೇ ಕೂತೆ. ಹಿರಿಯ ಪಾದ್ರಿಗಳಿಗೂ ಸುದ್ದಿ ಮುಟ್ಟಿ, ಬಂದು ಯಜಮಾನರಿಗೆ "ನಿಮ್ಮ ಮನಿಯವರು ಹಿಂಗ ಕುಂತ್ರ ಸಭೆಗೆ ಅಪಮಾನ. ಹೋಗಿ ಕೇಳಿ ಬಂದಾರಲ್ಲ, ಮುಗೀತಲ್ಲ" ಎಂದರು. ಯಜಮಾನರು, "ಮುಗೀತು ಅಂತ ಹೇಳೋರು ಧುಪದಾಳದಾಗ ಅದಾರ್ರಿ" ಎಂದರು. ಬಾಗಿಲ ಹಿಂದೆ ನಿಂತು ಕೇಳಿದೆ. ಆ ಮನುಷ್ಯನನ್ನು ಕಟ್ಟಿಕೊಂಡದ್ದಕ್ಕೆ ಅಂದು ನಾನು ಮಾಡಿದ ಸ್ತೋತ್ರವನ್ನು ಯಾರೂ ಕೇಳಲಿಲ್ಲ.

ಐದನೆಯ ತಿಂಗಳ ರವಿವಾರ ಜಮಖಾನೆ ಹಾಸಿದ ಮೇಲೆ ದಾನಪ್ಪ ಬಂದ, ಹಿಂದಿನ ಗೋಡೆಗೆ ಒರಗಿ ಕೂತ. ರೂತವ್ವ ನನ್ನ ಹಿಂದಿನ ಸಾಲಿಗೆ ಬಂದಳು. ಭೋಜನಕ್ಕೆ ಮುಂಚೆ ಅವನು ಎದ್ದು ನಿಂತ. ಎಲ್ಲರಿಗೂ ಗೊತ್ತಿದ್ದ ಸಂಗತಿಯನ್ನು ಯಾರಿಗೂ ಗೊತ್ತಿಲ್ಲದವನಂತೆ ಮೊದಲಿನಿಂದ ಹೇಳಿದ. ಯಾರ ಮನೆಯ ಸ್ಲ್ಯಾಬು, ಎಷ್ಟು ಹೊತ್ತು ಬೇಡ ಎಂದ, ಎಲ್ಲಿ ಸೋತ. ಕಡೆಗೆ ನನ್ನ ಕಡೆ ತಿರುಗಿದ.

"ಅಮ್ಮಾರ, ಈಗ ಪ್ರಾರ್ಥನಾ ಮಾಡ್ರಿ. ಹೆಸರ ಹಿಡದ ಮಾಡ್ರಿ."

ನಾನು ಎದ್ದೆ. ಬಸ್ಸಿನಲ್ಲಿ ಜೋಡಿಸಿದ ಮಾತು ಒಂದೂ ಇರಲಿಲ್ಲ. "ಕರ್ತನೇ, ದಾನಪ್ಪ ಬಂದಿದ್ದಾನೆ. ನಾನೂ ಬಂದಿದ್ದೇನೆ" ಎಂದೆ. ಮುಂದೆ ಬರಲಿಲ್ಲ. ಇನ್ನೂ ಇದೆ ಎಂದು ಸಭೆ ಕಣ್ಣು ಮುಚ್ಚಿಕೊಂಡೇ ಕಾದಿತು. ದಾನಪ್ಪನೇ "ಆಮೆನ್" ಎಂದ. ಆ ದಿನ ಹೆಂಗಸರ ಸಾಲಿನಿಂದ ಮೊದಲು ಹೋದವಳು ರೂತವ್ವ. ನಾನು ಅವಳ ಹಿಂದೆ ಹೋದೆ.

ಈಗ ಪ್ರಾರ್ಥನೆಯ ಪದ್ಧತಿ ಬದಲಾಗಿದೆ. ಮೊಬೈಲಿನಲ್ಲಿ ಸಂಘದ ಗುಂಪು ಇದೆ. ಯಾರ ಮಗಳಿಗೆ ಏನಾಯಿತು, ಯಾರ ಮನೆಯಲ್ಲಿ ಜಗಳ, ಎಲ್ಲವೂ "ಪ್ರಾರ್ಥಿಸಿರಿ" ಎಂಬ ಮಾತಿನ ಬಾಲ ಹಚ್ಚಿಕೊಂಡು ಕ್ಷಣದಲ್ಲಿ ಹುಕ್ಕೇರಿ ಮುಟ್ಟುತ್ತದೆ. ಅದಕ್ಕೆ ನಾನು ಒಂದು ನೇಮ ಮಾಡಿದೆ: "ಒಬ್ಬ ಸಹೋದರಿಯ ಅಗತ್ಯ" ಎಂದಷ್ಟೇ ಬರೆಯಬೇಕು. ಯಾರು, ಏನು ಎಂದು ಕೇಳುವವರಿಗೆ ಉತ್ತರ ಕೊಡಬಾರದು. ಮೊದಮೊದಲು ಹೆಂಗಸರು ಗೊಣಗಿದರು. ವಿವರ ಗೊತ್ತಿಲ್ಲದೆ ಪ್ರಾರ್ಥಿಸಲು ಮನಸ್ಸು ಬರುವುದಿಲ್ಲ ಎಂದರು. ಹಾಗಾದರೆ ಮನಸ್ಸು ವಿವರಕ್ಕೆ ಬರುತ್ತಿತ್ತು, ಪ್ರಾರ್ಥನೆಗೆ ಅಲ್ಲ ಎಂದೆ. ನಾನೂ ಹಾಗೆಯೇ ಇದ್ದವಳು, ಅದಕ್ಕೆ ಹೇಳಲು ಅಂಜಲಿಲ್ಲ.

ಯಜಮಾನರ ನಿವೃತ್ತಿಗೆ ಕೆಲವು ತಿಂಗಳಿದ್ದಾಗ, ಒಂದು ಗುರುವಾರ ಮುಂಜಾನೆ ದಾನಪ್ಪ ನಮ್ಮ ಹಿತ್ತಲ ಬಾಗಿಲಿಗೆ ಬಂದ. ನಾನು ಕಾಳು ಆರಿಸುತ್ತಿದ್ದೆ. ಒಳಗೆ ಬರಲಿಲ್ಲ.

"ನಿನ್ನೆ ಮತ್ತ ಜಾರಿದ್ನಿರಿ ಅಮ್ಮಾರ. ರವಿವಾರ ನಾನ ಹೇಳತೇನಿ. ಅಲ್ಲೀತನಕ ನಿಮ್ಮ ಹತ್ರ ಇರಲಿ."

"ರೂತವ್ವಗ?"

"ಆಕಿಗೆ ಹೇಳೇನಿ. ಆಕಿನ ನಿಮ್ಮ ಹತ್ರ ಕಳಸಿದ್ಲು."

ಅವನು ಹೋದ ಮೇಲೆ ಆರಿಸಿದ ಕಾಳನ್ನೇ ಮತ್ತೆ ಮೊದಲಿನಿಂದ ಆರಿಸಿದೆ. ಆ ದಿನದ ಹೆಂಗಸರ ಪ್ರಾರ್ಥನೆ ಮಳೆಗಾಗಿ, ಪರೀಕ್ಷೆಯ ಮಕ್ಕಳಿಗಾಗಿ ನಡೆಯಿತು. ಶುಕ್ರವಾರ ಯಜಮಾನರು, "ಏನ್ ಆಗೇತಿ ನಿನಗ, ಭಾಳ ಸುಮ್ಮನ ಅದಿ" ಎಂದರು. ಹಲ್ಲು ನೋವು ಎಂದು ಹೇಳಲು ಹೊರಟವಳು ಬಾಯಿ ಮುಚ್ಚಿದೆ. ಆರಾಮಿಲ್ಲ ಎಂದು ಹೇಳಿ ಮಾತ್ರೆ ನುಂಗಿದ್ದು ಸಾಕಾಗಿತ್ತು. "ಸುಮ್ಮನ ಇರಬೇಕು ಅನಿಸೇತಿ" ಎಂದೆ, ಅದು ಖರೆ. ಶನಿವಾರ ಭೋಜನದ ರೊಟ್ಟಿ ಮಾಡಿದೆ. ರವಿವಾರ ದಾನಪ್ಪ ಎದ್ದು ನಿಂತು ಎಲ್ಲ ಹೇಳಿದ. ಯಜಮಾನರು ಕನ್ನಡಕದ ಮೇಲಿನಿಂದ ನನ್ನನ್ನೇ ನೋಡಿದರು.

ಮನೆಗೆ ಬಂದು ಊಟಕ್ಕೆ ಕೂತಾಗ ಕೇಳಿದರು:

"ನಿನಗ ಮೊದಲ ಗೊತ್ತಿತ್ತೇನು?"

"ಸಾರು ಆರತೈತಿ, ಉಣ್ರಿ" ಎಂದೆ.